ಕಣ್ಣಮ್ಮನ ಕೆಂಪು ಸಮುರಾಯ್

ಭಾನುವಾರ ಮಧ್ಯಾಹ್ನ ತಮ್ಮ ಬಂದು ಬಾಗಿಲಲ್ಲೇ ಹಲ್ಲು ಕಿರಿದುಕೊಂಡು ನಿಂತಾಗಲೇ ಕಣ್ಣಮ್ಮನಿಗೆ ಗೊತ್ತಾಯಿತು, ಇವನು ಯಾವುದೋ ಕಹಿ ಮಾತ್ರೆಗೆ ಸಕ್ಕರೆ ಸವರಿಕೊಂಡು ಬಂದಿದ್ದಾನೆ ಎಂದು. ಔಷಧದ ಅಂಗಡಿ ಇಟ್ಟವನಿಗೆ ಆ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಿಲ್ಲ.

"ಅಕ್ಕ, ಈ ಸಲದ ಪ್ರದರ್ಶನಕ್ಕೆ ನೀನೇ ತೀರ್ಪುಗಾರಳು. ಸಂಘದಲ್ಲಿ ಎಲ್ರೂ ಒಪ್ಪಿದ್ದಾರೆ. ಒಬ್ರೂ ಬೇಡ ಅನ್ಲಿಲ್ಲ."

ಕಣ್ಣಮ್ಮ ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತಿದ್ದಳು. ಎಡಗೈಯಲ್ಲಿ ಬಾಟಲಿಯ ಬಿರಡೆ, ಬಿರಡೆಯ ಮೇಲೆ ಅಂಟಿಸಿದ ಬೆರಳುದ್ದದ ಸಮುರಾಯ್ ಗೊಂಬೆ, ಬಲಗೈಯಲ್ಲಿ ತುದಿಯೇ ಕಾಣದಷ್ಟು ಸಣ್ಣ ಕುಂಚ. ಹಳೇ ಜಪಾನಿನ ಯೋಧರ ಇಂಥ ಗೊಂಬೆಗಳನ್ನು ಬಣ್ಣವಿಲ್ಲದೆ ತರಿಸಿ, ಚರಿತ್ರೆಯ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು, ಇದ್ದದ್ದು ಇದ್ದ ಹಾಗೆ ಬಣ್ಣ ಹಚ್ಚುವುದು ಅವರ ಸಂಘದ ಹುಚ್ಚು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಆ ಸಂಘವನ್ನು ಶುರು ಮಾಡಿದ್ದೇ ಈ ಅಕ್ಕ ತಮ್ಮ. ತಮ್ಮ ಅಧ್ಯಕ್ಷ. ಅಕ್ಕ ಏನೂ ಅಲ್ಲ, ಆದರೆ ಅವಳ ಗೊಂಬೆ ಮೇಜಿಗೆ ಬಂದರೆ ಉಳಿದವರು ತಮ್ಮ ತಮ್ಮ ಗೊಂಬೆಗಳನ್ನು ಸ್ವಲ್ಪ ದೂರ ಸರಿಸಿಕೊಳ್ಳುತ್ತಿದ್ದರು.

"ಹಾಗಾದ್ರೆ ಇವನ ಗತಿ?" ಕಣ್ಣಮ್ಮ ಬಿರಡೆ ಎತ್ತಿ ತೋರಿಸಿದಳು.

"ತೀರ್ಪು ಕೊಡೋರು ಸ್ಪರ್ಧೆಗೆ ಇಡೋ ಹಾಗಿಲ್ವಲ್ಲ. ಆ ನಿಯಮ ಮಾಡಿದ್ದೇ ನೀನು."

ಮಾಡಿದ್ದು ಅವಳೇ, ನಿಜ. ಆದರೆ ಆ ಕುರ್ಚಿಯ ಚರಿತ್ರೆಯೂ ಅವಳಿಗೆ ಗೊತ್ತಿತ್ತು. ಕಣ್ಣಿಗೆ ಪೊರೆ ಬಂದ ಲೆಕ್ಕದ ಮೇಷ್ಟ್ರನ್ನು ಅದರಲ್ಲಿ ಕೂರಿಸಿದರು. ಅವರ ಬಣ್ಣದ ಸೀಸೆಗಳು ಮೊಮ್ಮಕ್ಕಳ ಪಾಲಾದವು. ಸೊಂಟ ಹಿಡಿದ ದರ್ಜಿಯನ್ನು ಕೂರಿಸಿದರು. ಆತ ಈಗ ಸಂಘದ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದಾನೆ. ಒಮ್ಮೆ ಅಲ್ಲಿ ಕೂತವರು ಮತ್ತೆ ಕುಂಚ ಹಿಡಿದದ್ದನ್ನು ಯಾರೂ ನೋಡಿಲ್ಲ. ಪಟ್ಟ ಕಟ್ಟಿ ಮೂಲೆಗೆ ಕೂರಿಸುವುದು ಅಂದರೆ ಇದೇ.

"ನನ್ನ ಕೈ ನೋಡಿ ತಾನೇ ಈ ತೀರ್ಮಾನ?" ಅಂದಳು.

ತಮ್ಮ ಕತ್ತೆತ್ತಿ ಗೋಡೆಯ ಗಡಿಯಾರ ನೋಡಿದ. ನೋಡಬೇಕಾದದ್ದೇನೂ ಅದರಲ್ಲಿರಲಿಲ್ಲ. "ಕೋಪ ಮಾಡ್ಕೋಬೇಡ ಅಕ್ಕ. ಹೋದ ತಿಂಗಳು ಸಂಘದಲ್ಲಿ ನೀನು ಬಣ್ಣ ಹಚ್ತಾ ಇದ್ದಾಗ ಎಲ್ರೂ ನೋಡಿದ್ರು. ಹಿಂದಿನಿಂದ ಏನೇನೋ ಮಾತಾಡ್ಕೊಂಡ್ರು. ನನಗೆ ಕೇಳೋಕಾಗ್ಲಿಲ್ಲ. ಮರ್ಯಾದೆ ಇರುವಾಗ್ಲೇ ದೊಡ್ಡೋರ ಜಾಗಕ್ಕೆ ಹೋಗಿಬಿಡೋದು ಒಳ್ಳೇದು."

"ನನ್ನ ಮರ್ಯಾದೆ ನನ್ನ ಕೈಯಲ್ಲೇ ಇದೆ."

"ಅದೇ ಕೈ ತಾನೇ ನಡುಗ್ತಿರೋದು," ಎಂದು ಸೋಫಾದಿಂದ ಕಣ್ಣಮ್ಮನ ಗಂಡನ ದನಿ ಬಂತು.

ಇಬ್ಬರೂ ಅತ್ತ ತಿರುಗಿದರು. ಆತ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ದಾರಿಯುದ್ದಕ್ಕೂ ಕಂಡ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾ ಓದುತ್ತಾ ಸ್ಟೇರಿಂಗ್ ತಿರುಗಿಸಿದವನು. ಸ್ಟೇರಿಂಗ್ ಹೋಯಿತು, ಓದು ಉಳಿಯಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ; ಇದು ಹುಟ್ಟುಗುಣವೂ ಅಲ್ಲ, ಆದರೂ ಹೋಗಲಿಲ್ಲ. ಈಗ ಅವನ ಕೈಯಲ್ಲಿ ಬಾವಮೈದುನ ತಂದ ಮಾತ್ರೆಯ ಡಬ್ಬಿಯಿತ್ತು. "'ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ತಂಪಾದ, ಬಿಸಿಲು ಬೀಳದ ಜಾಗದಲ್ಲಿ...'"

"ರೀ, ಮನಸ್ಸಿನಲ್ಲೇ ಓದ್ಕೊಳ್ಳಿ!"

"ಮನಸ್ಸಿನಲ್ಲಿ ಓದಿದ್ರೆ ನನಗೇ ಕೇಳ್ಸಲ್ವಲ್ಲ," ಅಂದ.

ಕಣ್ಣಮ್ಮ ಕುಂಚವನ್ನು ನೀರಿನ ಲೋಟಕ್ಕೆ ಇಳಿಬಿಟ್ಟಳು. "ಕೇಳು. ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ. ನಾನು ಹಾಗನ್ನಲ್ಲ. ನೆಲ ಸರಿಯಾಗೇ ಇದೆ, ನನ್ನ ಕಾಲೇ ಡೊಂಕಾಗಿದೆ. ಆದ್ರೂ ಕುಣೀತೀನಿ. ಹೋಗಿ ಸಂಘದಲ್ಲಿ ಹೇಳು. ನನ್ನ ಹೆಸರನ್ನ ಸ್ಪರ್ಧಿಗಳ ಪಟ್ಟಿಯಲ್ಲಿ ಬರಿ."

ಕೊಟ್ಟ ಟೀಯನ್ನೂ ಕುಡಿಯದೆ ತಮ್ಮ ಹೋದ. ಅದನ್ನು ಡ್ರೈವರ್ ಗಂಡ ಕುಡಿದ.

ಅವಳ ನಿಜವಾದ ಹೆಸರು ಬೇರೆ. ಆಸ್ಪತ್ರೆಯ ಹಿಂಭಾಗದ ಕೋಣೆಯಲ್ಲಿ ಕೃತಕ ಕಣ್ಣು ಮಾಡುವ ಕೆಲಸಕ್ಕೆ ಸೇರಿದ ಮೇಲೆ ಎಲ್ಲರೂ ಕಣ್ಣಮ್ಮ ಎಂದರು, ಕೊನೆಗೆ ಗಂಡನೂ ಎಂದ. ಒಂದು ಕಣ್ಣು ಕಳೆದುಕೊಂಡವರು ಎದುರಿಗೆ ಬಂದು ಕೂರುತ್ತಿದ್ದರು. ಉಳಿದ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿ, ಅದರ ಕಂದು ಅದರ ಬೂದು ಅದರ ಚುಕ್ಕೆಗಳನ್ನೆಲ್ಲ ಒಂದು ಬಿಳಿ ಚಿಪ್ಪಿನ ಮೇಲೆ ಬರೆಯುವುದು ಅವಳ ಕೆಲಸ. ಬಿಳಿಯ ಭಾಗದ ಸಣ್ಣ ನರಗಳಿಗೆ ಕೆಂಪು ರೇಷ್ಮೆ ದಾರವನ್ನು ಬಿಡಿಸಿ, ಎಳೆ ಎಳೆಯಾಗಿ ಕೂರಿಸುತ್ತಿದ್ದಳು. ಮದುವೆಯಾದ ಮೇಲೂ ಹೆಂಡತಿಗೆ ಗಂಡನ ಯಾವ ಕಣ್ಣು ನಿಜ ಎಂದು ತಿಳಿಯಲಿಲ್ಲ ಎಂಬ ಕಥೆಯೊಂದು ಆಸ್ಪತ್ರೆಯಲ್ಲಿ ಓಡಾಡುತ್ತಿತ್ತು. ಅದನ್ನು ಹಬ್ಬಿಸಿದವಳು ಕಣ್ಣಮ್ಮನೇ ಇರಬೇಕು.

ಆಮೇಲೆ ಕೈಯೇ ಕೈ ಕೊಟ್ಟಿತು. ಸುಮ್ಮನಿದ್ದಾಗ ಅದೂ ಸುಮ್ಮನಿರುತ್ತಿತ್ತು. ಒಂದು ಗುರಿಗೆ ಹಿಡಿದ ಕೂಡಲೇ ಹಟಮಾರಿ ಮಗುವಿನ ಹಾಗೆ ತಲೆ ಅಲ್ಲಾಡಿಸಲು ಶುರು ಮಾಡುತ್ತಿತ್ತು. ಪ್ರಾಣಕ್ಕೆ ಏನೂ ಅಪಾಯವಿಲ್ಲ, ಆದರೆ ಕಡಿಮೆಯೂ ಆಗುವುದಿಲ್ಲ ಅಂದರು ಡಾಕ್ಟರು. ಒಂದು ದಿನ ಅವಳು ಬರೆದ ಕಣ್ಣಿನ ಕಪ್ಪು ಪಾಪೆಯ ಅಂಚು ಒಂದು ಕಡೆ ಹೊರಗೆ ಹರಿಯಿತು. ಇಷ್ಟು ಯಾರಿಗೆ ಕಾಣುತ್ತೆ ಬಿಡಮ್ಮ ಎಂದು ಮೇಲಿನವರು ಸಮಾಧಾನ ಹೇಳಿದರು. "ಹಾಕ್ಕೊಂಡೋರಿಗೆ ಕಾಣುತ್ತೆ. ದಿನಾ ಬೆಳಗ್ಗೆ, ಕನ್ನಡಿಯಲ್ಲಿ," ಎಂದು ಕಣ್ಣಮ್ಮ ಆ ಚಿಪ್ಪನ್ನು ಎಸೆದು, ಕುಂಚಗಳನ್ನು ತೊಳೆದಿಟ್ಟು ಮನೆಗೆ ಬಂದಳು. ಅಲ್ಲಿ ಅವಳೇ ಬಿಟ್ಟಳು, ಯಾರೂ ಬಿಡಿಸಲಿಲ್ಲ.

ಹಾಗೆ ಬಿಟ್ಟವಳಾದ್ದರಿಂದಲೇ ಇಲ್ಲಿ ಬಿಡಲು ಅವಳಿಗೆ ಮನಸ್ಸಿರಲಿಲ್ಲ. ಈ ಗೊಂಬೆ ಯಾರ ಮುಖಕ್ಕೂ ಹೋಗಿ ಕೂರುವುದಲ್ಲ. ಇದರ ಗೆರೆ ಸೊಟ್ಟಗಾದರೆ ಯಾರೂ ಕನ್ನಡಿಯ ಮುಂದೆ ಅಳುವುದಿಲ್ಲ. ಇಲ್ಲೂ ಸುಮ್ಮನೆ ಕೂರು ಎನ್ನಲು ಇವರೆಲ್ಲ ಯಾರು?

ಆದರೆ ಛಲ ಇದ್ದ ಮಾತ್ರಕ್ಕೆ ಗೆರೆ ನೇರವಾಗುವುದಿಲ್ಲ, ನೋಡಿ. ಮೇಜಿನ ಮೇಲೆ ಪುಸ್ತಕ ತೆರೆದಿತ್ತು. ಸಮುರಾಯ್‌ಗಳ ಚರಿತ್ರೆ, ದಿಂಬಿನಷ್ಟು ದಪ್ಪ, ಅಕ್ಕ ತಮ್ಮ ಸೇರಿ ಕೊಂಡದ್ದು. ಸಂಘದವರಿಗೆಲ್ಲ ಅದು ಹೈಕೋರ್ಟು. ಕತ್ತಿಯ ಒರೆ ಯಾವ ಬಣ್ಣ, ಶಿರಸ್ತ್ರಾಣದ ಕೊಂಬು ಎಷ್ಟು ಉದ್ದ ಎಂದು ಜಗಳ ಬಂದರೆ ಪುಸ್ತಕ ತೆಗೆಯುತ್ತಿದ್ದರು, ಚಿತ್ರದ ಮೇಲೆ ಬೆರಳಿಡುತ್ತಿದ್ದರು, ಜಗಳ ಮುಗಿಯುತ್ತಿತ್ತು. ಕೆಂಪು ಕವಚದ ಸೇನಾಪತಿಯ ಚಿತ್ರದ ಪುಟಕ್ಕೆ ಪುಸ್ತಕ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಆ ಪುಟದ ಅಂಚಿನ ತುಂಬ ಬೆರಳಚ್ಚು, ಬಣ್ಣದ ಕಲೆ, ಒಂದು ಟೀ ಲೋಟದ ಗುಂಡು ಗುರುತು. ಕವಚ ಎಂದರೆ ಒಂದೇ ತಗಡಲ್ಲ. ಅಡ್ಡಡ್ಡ ಪಟ್ಟಿಗಳು, ಅವನ್ನು ಒಂದರ ಕೆಳಗೊಂದು ತೂಗುವ ರೇಷ್ಮೆ ದಾರದ ಹೆಣಿಗೆ. ಚಿತ್ರದಲ್ಲಿ ಆ ಹೆಣಿಗೆ ಎಷ್ಟು ದಟ್ಟವೆಂದರೆ ತಗಡೇ ಕಾಣುತ್ತಿರಲಿಲ್ಲ. ಬೆರಳುದ್ದದ ಗೊಂಬೆಯ ಮೇಲೆ ಆ ದಾರಗಳನ್ನೆಲ್ಲ ಒಂದೊಂದಾಗಿ, ಪಕ್ಕಪಕ್ಕದಲ್ಲಿ, ಒಂದನ್ನೊಂದು ಮುಟ್ಟದ ಹಾಗೆ ಎಳೆಯಬೇಕು.

ಎಳೆದಳು. ಒರೆಸಿದಳು. ಮೊಣಕೈಯನ್ನು ಮೇಜಿಗೆ ಒತ್ತಿ, ಎರಡೂ ಮಣಿಕಟ್ಟು ಜೋಡಿಸಿ, ಉಸಿರು ಬಿಗಿ ಹಿಡಿದು ಎಳೆದಳು. ಮೂರು ದಾರ ಸರಿ ಬಂದರೆ ನಾಲ್ಕನೆಯದು ಮೂರನೆಯದರ ಮೇಲೆ ಹತ್ತಿ ಕೂರುತ್ತಿತ್ತು. ಒಂದು ವಾರ ಇದೇ ಆಯಿತು. ಕಡೆಗೊಂದು ಬೆಳಗ್ಗೆ ಕುಂಚವನ್ನು ಗೋಡೆಗೆ ಎಸೆದಳು. ಗೋಡೆಯ ಮೇಲೆ ಒಂದು ಕೆಂಪು ಗೆರೆ ಬಿತ್ತು, ಅದು ಮಾತ್ರ ನೆಟ್ಟಗೆ.

"ಈ ಪುಸ್ತಕ ತಗೊಂಡು ಹೋಗಿ ಅತ್ಲಾಗೆ!" ಎಂದು ಗಂಡನ ಮಡಿಲಿಗೆ ಅದನ್ನು ಹೊತ್ತು ಹಾಕಿದಳು. ಅವಳಿಗೆ ಅಳು ಬಂದಿತ್ತು, ಅದನ್ನು ಕೋಪವೆಂದು ತೋರಿಸಿಕೊಂಡಳು.

ಡ್ರೈವರ್‌ಗೆ ಓದಲು ಏನಾದರೂ ಸಿಕ್ಕಿದರೆ ಹೆಂಡತಿಯ ಕೋಪವೂ ಕಾಣದು. ಪುಸ್ತಕ ಬಿಡಿಸಿದ. ಚಿತ್ರದ ಪುಟಗಳನ್ನು ಸರಸರ ಮಗುಚಿದ. ಅಕ್ಷರವಿಲ್ಲದ ಪುಟ ಅವನ ಲೆಕ್ಕಕ್ಕೆ ನಿಲ್ದಾಣವಿಲ್ಲದ ರಸ್ತೆ. ಎರಡು ಚಿತ್ರಗಳ ನಡುವಿನ ಹಾಳೆಗಳು ಬೆಳ್ಳಗೆ, ಹೊಸದಾಗಿ, ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನಿಂದ ಬಿಡಿಸಿದ. ಗಂಟಲು ಸರಿಮಾಡಿಕೊಂಡ.

"'ದಟ್ಟ ಹೆಣಿಗೆಯ ಕವಚ ನೋಡಲು ಸುಂದರ. ಆದರೆ ಮಳೆಯಲ್ಲಿ ದಾರ ನೀರು ಕುಡಿದು ಭಾರವಾಗುತ್ತದೆ. ಬೇಗ ಒಣಗುವುದಿಲ್ಲ. ಚಳಿಯಲ್ಲಿ ಹೆಪ್ಪುಗಟ್ಟುತ್ತದೆ. ಬಹುದಿನದ ದಂಡಯಾತ್ರೆಯಲ್ಲಿ ನಾತ ಹೊಡೆಯುತ್ತದೆ, ಹೇನು ಇರುವೆ ಸೇರಿಕೊಳ್ಳುತ್ತವೆ...'"

"ಏನಂದ್ರಿ?"

"ನಾನಲ್ಲ, ಪುಸ್ತಕ ಅಂದಿದ್ದು."

"ಮುಂದೆ ಓದಿ."

ಮನಸ್ಸಿನಲ್ಲೇ ಓದಿಕೋ ಎಂದು ಇಷ್ಟು ವರ್ಷ ಬೈಸಿಕೊಂಡವನು ಒಂದು ಕ್ಷಣ ಹೆಂಡತಿಯ ಮುಖ ನೋಡಿದ, ಇದರಲ್ಲೇನೋ ಮೋಸವಿದೆಯೇ ಎಂದು. ಆಮೇಲೆ ಇನ್ನಷ್ಟು ಗಟ್ಟಿಯಾಗಿ ಓದಿದ. ಈಟಿಯ ಮೊನೆ ಜಾರಿಹೋಗುವ ಬದಲು ಆ ದಟ್ಟ ದಾರಕ್ಕೇ ಸಿಕ್ಕಿಕೊಳ್ಳುತ್ತಿತ್ತಂತೆ. ಯುದ್ಧ ದಿನನಿತ್ಯದ ಮಾತಾದ ಕಾಲದಲ್ಲಿ ಹೆಣಿಗೆಯನ್ನು ತೆಳು ಮಾಡಿದರಂತೆ. ಎರಡೆರಡು ದಾರ ಜೋಡಿಯಾಗಿ, ನಡುವೆ ಅಗಲ ಜಾಗ, ತಗಡು ಬರಿದಾಗಿ ಕಾಣುವ ಹಾಗೆ. ಹರಿದರೆ ಮತ್ತೆ ಕಟ್ಟುವುದೂ ಸುಲಭ. ಇಂದಿಗೂ ಝಗಝಗಿಸುತ್ತ ಉಳಿದಿರುವ ಕವಚಗಳಲ್ಲಿ ಎಷ್ಟೋ, ಯುದ್ಧಕ್ಕೇ ಹೋಗದೆ ಮೆರವಣಿಗೆಗೆಂದು ಮಾಡಿಸಿಟ್ಟವು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು," ಎಂದು ಡ್ರೈವರ್ ತನ್ನ ಕಡೆಯಿಂದ ಸೇರಿಸಿದ.

ಕಣ್ಣಮ್ಮ ಪುಸ್ತಕ ಕಿತ್ತುಕೊಂಡು ಅದರ ಅಂಚು ನೋಡಿದಳು. ಮುಚ್ಚಿದ ಪುಸ್ತಕದ ಅಂಚಿನಲ್ಲಿ ಕಪ್ಪು ಪಟ್ಟೆ, ಬಿಳಿ ಪಟ್ಟೆ. ಚಿತ್ರಗಳಿದ್ದಲ್ಲೆಲ್ಲ ಬೆರಳಿನ ಕೊಳೆಯ ಕಪ್ಪು, ಬರಹವಿದ್ದಲ್ಲೆಲ್ಲ ಬಿಳಿ. ಇಡೀ ಸಂಘ ಈ ಪುಸ್ತಕದ ಮೇಲೆ ಆಣೆ ಮಾಡಿ ಜಗಳವಾಡಿತ್ತು, ಯಾರೊಬ್ಬರೂ ಅದನ್ನು ಓದಿರಲಿಲ್ಲ. ಅವಳೂ ಓದಿರಲಿಲ್ಲ. ಪುಸ್ತಕದ ಬದನೆಕಾಯಿ ಸಾಂಬಾರಿಗೆ ಬಾರದು ಎಂದು ಬೇರೆಯವರನ್ನು ಹಂಗಿಸುತ್ತಿದ್ದಳಲ್ಲ, ಇವಳು ಬದನೆಕಾಯಿಯ ಚಿತ್ರ ನೋಡಿಯೇ ಅಡುಗೆ ಮಾಡಿದ್ದಳು. ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು, ನಿಲ್ಲಿಸಲಾಗದ ನಗು. ಬಗಲಲ್ಲಿ ಕತ್ತಿ, ಕಾಲಡಿಯಲ್ಲಿ ಕೆಸರು, ಮೈಮೇಲೆ ಮೆರವಣಿಗೆಯ ರೇಷ್ಮೆ! ಇಷ್ಟು ಕಾಲ ಅವರು ಬಣ್ಣ ಹಚ್ಚಿದ ವೀರರೆಲ್ಲ ಹೇನಿಲ್ಲದ ವೀರರು.

ಆ ಮಧ್ಯಾಹ್ನವೇ ಗೊಂಬೆಯ ಎದೆಯ ಮೇಲಿನ ದಟ್ಟ ಹೆಣಿಗೆಯನ್ನು ಚಾಕುವಿನಿಂದ ಹೆರೆಯಲು ಕೂತಳು. ಚಾಕು ಹೆಬ್ಬೆರಳಿಗೂ ತಗುಲಿತು. ಪಟ್ಟಿ ಸುತ್ತಿಕೊಂಡು ಮತ್ತೆ ಹೆರೆದಳು. ಕವಚದ ಪಟ್ಟಿಗಳ ಮೇಲೆ ಪುಟ್ಟಿ ಮೆತ್ತಿ, ಮರಳು ಕಾಗದದಿಂದ ಉಜ್ಜಿ, ಕಪ್ಪು ಬಣ್ಣ ಬಳಿದಳು. ಕಾರ್ಖಾನೆಯಿಂದ ಸೇನಾಪತಿಯಾಗಿ ಬಂದವನು ಈಗ ಯಾರೂ ಅಲ್ಲದ, ಮನೆ ಬಿಟ್ಟು ಬಹಳ ದಿನವಾದ ಒಬ್ಬ ಸೈನಿಕನಾಗಿ ನಿಂತ.

ಇದರಿಂದ ಕೆಲಸ ಸುಲಭವಾಯಿತು ಅಂದುಕೊಂಡರೆ ನಿಮಗೆ ಕುಂಚದ ಗಂಧವಿಲ್ಲ ಎಂದೇ ಅರ್ಥ. ದಟ್ಟ ಹೆಣಿಗೆಯಲ್ಲಿ ಒಂದು ಗೆರೆ ತಪ್ಪಿದರೆ ಗುಂಪಿನಲ್ಲಿ ಗೋವಿಂದ. ತೆಳು ಹೆಣಿಗೆಯಲ್ಲಿ ಪ್ರತಿಯೊಂದು ದಾರವೂ ಒಂಟಿಯಾಗಿ ನಿಂತು, ನನ್ನನ್ನು ನೋಡು ಎನ್ನುತ್ತದೆ. ಬೆಳಗ್ಗೆ ಎದ್ದ ಮೇಲೆ ಸ್ವಲ್ಪ ಹೊತ್ತು ಕೈ ಅವಳ ಮಾತು ಕೇಳುತ್ತಿತ್ತು. ಆಗ ದಾರ ಎಳೆಯುತ್ತಿದ್ದಳು. ಕೈ ಮೊಂಡು ಬಿದ್ದಾಗ ಕುಂಚ ತೊಳೆದಿಡುತ್ತಿದ್ದಳು. ಕೆಲವು ದಾರಗಳನ್ನು ಬೇಕೆಂದೇ ಹರಿದವನ್ನಾಗಿ ಬರೆದಳು. ಒಂದು ಕಡೆ ಕೆಂಪು ಸಾಲದೆ ಯಾರಿಂದಲೋ ನೀಲಿ ದಾರ ಈಸಿಕೊಂಡು ಕಟ್ಟಿದ ಹಾಗೆ ನೀಲಿ ಗಂಟು ಹಾಕಿದಳು. ಕೆಲವು ದಾರಗಳು ಅವಳನ್ನು ಕೇಳದೆಯೇ ಸೊಟ್ಟಗಾದವು. ಸರಿಪಡಿಸಲು ಸಾಧ್ಯವಾದದ್ದನ್ನು ಸರಿಪಡಿಸಿದಳು. ಆಗದ್ದನ್ನು ಬಿಟ್ಟಳು. ಗಂಡ ಪಕ್ಕದಲ್ಲಿ ಕೂತು ಬಿಳಿ ಪುಟಗಳನ್ನು ಓದುತ್ತಿದ್ದ, ಒಂದೂ ಬಿಡದೆ, ಪುಟಸಂಖ್ಯೆಯ ಸಮೇತ.

ಪ್ರದರ್ಶನದ ಹಿಂದಿನ ದಿನ ತಮ್ಮ ಬಂದ. ಜಗಳವಾಡಲು ತಯಾರಾಗಿಯೇ ಬಂದಿದ್ದ ಪಾಪ, ಗೊಂಬೆ ಕಂಡು ಅದರ ಮೇಲೇ ಬಗ್ಗಿದ.

"ಪುಸ್ತಕದಲ್ಲಿ ಹೀಗಿಲ್ವಲ್ಲ ಅಕ್ಕ," ಅಂದ.

"ಚಿತ್ರದ ಪಕ್ಕದ ಪುಟ ಓದು."

ಓದಿದ. ಕೂತು ಓದಿದ. "ಅಯ್ಯೋ," ಅಂದ. ತನ್ನ ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತ ಮೆರವಣಿಗೆಯ ವೀರರು ಕಣ್ಮುಂದೆ ಬಂದಿರಬೇಕು. ಮತ್ತೆ ಗೊಂಬೆಯನ್ನು ಬೆಳಕಿಗೆ ಹಿಡಿದ, ಸೊಟ್ಟ ದಾರಗಳನ್ನು ನೋಡಿದ, ಅವನ ಮುಖ ಅರಳಿತು. "ಅಕ್ಕ! ಗೆದ್ದೆ ನೀನು. ಇದೆಲ್ಲ ಯುದ್ಧದಲ್ಲಿ ಸವೆದದ್ದು ಅಂತ ಹೇಳಿಬಿಡೋಣ. ಕೈ ನಡುಗಿದ್ದು ಅಂತ ಯಾವ ನರಪಿಳ್ಳೆಗೂ ಗೊತ್ತಾಗಲ್ಲ!"

ಅವನ ಖುಷಿ ನಿಜವಾದದ್ದು. ಅಕ್ಕನನ್ನು ನಾಲ್ಕು ಜನರ ನಾಲಿಗೆಯಿಂದ ಪಾರು ಮಾಡಲು ದಾರಿ ಸಿಕ್ಕಿತ್ತಲ್ಲ. ಆದರೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಕಣ್ಣಮ್ಮನನ್ನು ರಾತ್ರಿಯೆಲ್ಲ ಕಾಡಿತು.

ಪ್ರದರ್ಶನದ ಹಾಲ್‌ನಲ್ಲಿ ಉದ್ದನೆಯ ಮೇಜುಗಳು, ಬಿಳಿ ಹಾಸು, ಒಂದೊಂದು ಗೊಂಬೆಗೂ ಒಂದೊಂದು ದೀಪ. ಕಣ್ಣಮ್ಮ ಒಪ್ಪದ ಕುರ್ಚಿಗೆ ಬೇರೆ ಊರಿನಿಂದ ಒಬ್ಬರನ್ನು ಕರೆಸಿದ್ದರು. ಸಣಕಲು ಮನುಷ್ಯ, ಹಣೆಗೆ ಪಟ್ಟಿ ಕಟ್ಟಿದ ಭೂತಗನ್ನಡಿ. ಡ್ರೈವರ್ ಆತನಿಗೆ ಭೂತಗನ್ನಡಿ ಎಂದೇ ಹೆಸರಿಟ್ಟ. ಆತ ಮೇಜಿನಿಂದ ಮೇಜಿಗೆ ಬಗ್ಗಿ ಬಗ್ಗಿ ಬಂದು ಕಣ್ಣಮ್ಮನ ಸೈನಿಕನ ಮುಂದೆ ನಿಂತವನು ಬಗ್ಗಿದಲ್ಲೇ ಉಳಿದ. ಸಂಘದವರು ಒಬ್ಬೊಬ್ಬರಾಗಿ ಹತ್ತಿರ ಬಂದರು.

"ಹೆಣಿಗೆ ತೆಳುವಾಗಿದೆ," ಅಂದ ಭೂತಗನ್ನಡಿ. "ಇದು ಯುದ್ಧಕ್ಕೆ ಹೋದವನ ಕವಚ. ಯಾರೂ ಮಾಡಲ್ಲ ಇದನ್ನ. ನೀವು ಓದಿದ್ದೀರಿ."

"ನಾನು ಓದಿದ್ದು," ಅಂದ ಡ್ರೈವರ್.

"ಮತ್ತೆ ಈ ಗೆರೆ... ಈ ದಾರ ಎಳೆದು ಎಳೆದು ಸೋತ ಹಾಗಿದೆ. ನೇರ ಗೆರೆ ಯಾರು ಬೇಕಾದ್ರೂ ಎಳೀತಾರೆ. ಇಷ್ಟು ಸಹಜವಾಗಿ ಸೊಟ್ಟ ಎಳೆಯೋದು ದೊಡ್ಡ ವಿದ್ಯೆ. ಬೇಕಂತ ಮಾಡಿದ್ದು ತಾನೇ ಅಮ್ಮ?"

ತಮ್ಮ ಗಾಳಿಯ ಹಾಗೆ ನುಗ್ಗಿದ. "ಹೌದು ಸಾರ್, ಬೇಕಂತಲೇ! ಯುದ್ಧದ ಸವೆತ ಸಾರ್, ಅಕ್ಕ ತಿಂಗಳುಗಟ್ಟಲೆ..."

"ಬೇಕಂತ ಅಲ್ಲ," ಅಂದಳು ಕಣ್ಣಮ್ಮ. "ಕೈ ನಡುಗಿತು."

ಕಣ್ಣಮ್ಮ ಬಲಗೈಯನ್ನು ದೀಪದ ಕೆಳಗೆ ಚಾಚಿ, ಬೆರಳಿನಿಂದ ಗೊಂಬೆಯ ಎದೆಗೆ ಗುರಿ ಹಿಡಿದಳು. ಕೈ ತನ್ನ ಆಟ ಶುರು ಮಾಡಿತು. ಎಲ್ಲರೂ ನೋಡಲಿ ಎಂದು ಹಾಗೇ ಹಿಡಿದುಕೊಂಡಳು. ಹಿಂದಿನಿಂದ ಮಾತಾಡಿಕೊಂಡವರೂ ಅಲ್ಲಿದ್ದರು, ಅವರಿಗೆ ಈಗ ಮುಂದಿನಿಂದ ಕಾಣುತ್ತಿತ್ತು.

"ಅಕ್ಕ," ತಮ್ಮ ಪಿಸುಗುಟ್ಟಿದ, "ಸುಮ್ನಿರಬಾರದಿತ್ತಾ?"

"ಇಡೀ ಜೀವಮಾನ ಕಣ್ಣು ಮಾಡಿದವಳು ನಾನು. ಈಗ ಜನರ ಕಣ್ಣಿಗೆ ಮಣ್ಣೆರಚು ಅಂತೀಯಾ?"

ಭೂತಗನ್ನಡಿ ಹಣೆಯ ಗಾಜನ್ನು ಮೇಲೆತ್ತಿದ. ಅವನಿಗೂ ಮುಜುಗರವಾಗಿತ್ತು, ಕಿವಿ ಕೆಂಪಾಗಿತ್ತು. ಆದರೆ ಅವನೂ ಕೆಲಸ ಗೊತ್ತಿದ್ದವನು. ಅನುಕಂಪದ ಮಾತೊಂದೂ ಆಡಲಿಲ್ಲ. ಅದಕ್ಕಾಗಿ ಕಣ್ಣಮ್ಮ ಅವನನ್ನು ಆ ಕ್ಷಣದಿಂದಲೇ ಇಷ್ಟಪಟ್ಟಳು. "ಹಾಗಾದ್ರೆ ಹೇಳಿ," ಅಂದ. "ಇದರಲ್ಲಿ ನೀವು ಮಾಡಿದ್ದು ಯಾವುದು, ಕೈ ಮಾಡಿದ್ದು ಯಾವುದು?"

ಕಣ್ಣಮ್ಮ ಒಂದೊಂದೇ ತೋರಿಸಿದಳು. "ಈ ಹರಿದ ದಾರ ನಾನು ಮಾಡಿದ್ದು. ಈ ನೀಲಿ ಗಂಟು ನಾನು. ಇದು ನಡುಗಿದ್ದು. ಇದೂ ನಡುಗಿದ್ದೇ. ಭುಜದ ಮೇಲಿನ ಜೋಡಿ ದಾರ ನೇರ ಬಂದಿದೆ ನೋಡಿ, ಅದಕ್ಕೆ ಮೂರು ಬೆಳಗ್ಗೆ ಹಿಡೀತು. ಇದು..." ಬೆರಳು ಸೊಂಟದ ಹತ್ತಿರ ನಿಂತಿತು. ಅಲ್ಲಿ ಒಂದು ದಾರ ಹೊರಗೆ ಬಾಗಿ ಮತ್ತೆ ಒಳಗೆ ಬಂದಿತ್ತು, ತೊಟ್ಟವನ ಉಸಿರಿಗೆ ಸಡಿಲವಾದ ಹಾಗೆ. "ಇದು ನನಗೂ ಗೊತ್ತಿಲ್ಲ."

ಭೂತಗನ್ನಡಿ ಗಾಜು ಇಳಿಸಿಕೊಂಡು ಆ ಒಂದು ದಾರವನ್ನೇ ಬಹಳ ಹೊತ್ತು ನೋಡಿದ. "ಕುಂಚದ ಹಿಡಿತಕ್ಕೆ ಅಂತ ಬೇರೆ ಅಂಕ ಇದೆ ಅಮ್ಮ," ಅಂದ. "ಅದರಲ್ಲಿ ಕಡಿಮೆ ಮಾಡಬೇಕಾಗುತ್ತೆ. ಬಹುಮಾನ ಕೈ ತಪ್ಪುತ್ತೆ."

"ಮಾಡಿ. ಅಂಕ ಕಡಿಮೆ ಬರಬಹುದು ಅನ್ನೋದಕ್ಕೇ ತಾನೇ ಇದನ್ನ ಸ್ಪರ್ಧೆ ಅನ್ನೋದು? ನನಗೆ ಯಾರೂ ಸುಮ್ನೆ ಅಂಕ ಕೊಡೋದೂ ಬೇಡ, ಸುಮ್ನೆ ಕುರ್ಚಿ ಕೊಡೋದೂ ಬೇಡ."

ಆತ ತಲೆಯಾಡಿಸಿ ಅಂಕ ಬರೆದುಕೊಂಡು ಮುಂದಿನ ಗೊಂಬೆಗೆ ಬಗ್ಗಿದ. ಎರಡು ಹೆಜ್ಜೆ ಹೋದವನು ತಿರುಗಿ, "ಮುಂದಿನ ವರ್ಷ ಏನು ಮಾಡ್ತೀರಿ?" ಎಂದು ಕೇಳಿದ, ಸಹಜವಾಗಿ, ಬಣ್ಣ ಹಚ್ಚುವವರನ್ನು ಬಣ್ಣ ಹಚ್ಚುವವರು ಕೇಳುವ ಹಾಗೆ.

"ಕುದುರೆ ಸವಾರ," ಅಂದಳು ಕಣ್ಣಮ್ಮ. ಅದುವರೆಗೆ ಅದನ್ನು ಅವಳು ಯೋಚಿಸಿಯೂ ಇರಲಿಲ್ಲ.

ತಮ್ಮ ಗೋಡೆಗೆ ಒರಗಿ ನಿಂತಿದ್ದ. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಕಣ್ಣಮ್ಮ ಅವನ ಪಕ್ಕಕ್ಕೆ ಹೋಗಿ ನಿಂತು, ಅವನ ತೋಳಿಗೆ ತನ್ನ ತೋಳು ತಾಗಿಸಿದಳು. ಚಿಕ್ಕವರಿದ್ದಾಗ ಜಗಳ ಮುಗಿಯಿತು ಎನ್ನುವುದಕ್ಕೆ ಅವರಿಬ್ಬರ ನಡುವೆ ಅದೇ ಗುರುತಿತ್ತು.

"ನಿನಗೆ ನನ್ನ ಮೇಲೆ ಜೀವ ಅಂತ ಗೊತ್ತು ಕಣೋ," ಅಂದಳು. "ಅದಕ್ಕೆ ನನ್ನನ್ನ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಡೋಕೆ ನೋಡ್ತೀಯ. ಕಪಾಟಿನಲ್ಲಿ ಉಳಿದದ್ದು ಯಾವ ಕವಚ ಅಂತ ನೀನೂ ಓದಿದ್ಯಲ್ಲ."

ಅವನು ಮೂಗು ಒರೆಸಿಕೊಂಡ. "ಮುಂದಿನ ವರ್ಷ ಆ ಕುರ್ಚಿಗೆ ಯಾರನ್ನ ಹುಡುಕ್ಲಿ ಹೇಳು."

"ನೀನೇ ಕೂತ್ಕೋ. ಮೆಟ್ಟಿಲು ಹತ್ತುವಾಗ ನಿನ್ನ ಮಂಡಿ ಸದ್ದು ಮಾಡೋದು ಕೆಳಗಿನ ಸೈಕಲ್ ಅಂಗಡಿಗೂ ಕೇಳ್ಸುತ್ತೆ."

"ನಾನ್ಯಾಕೆ ಕೂತ್ಕೊಳ್ಲಿ?" ಎಂದು ಅವನು ಸಿಡುಕಿದ. ಸಿಡುಕಿದ ಮೇಲೆ ತಾನೇನು ಅಂದೆ ಎಂದು ಅರ್ಥವಾಗಿ ನಕ್ಕ.

ಸಂಜೆ ಬಾಗಿಲ ಬಳಿ ಫಲಿತಾಂಶದ ಹಾಳೆ ಅಂಟಿಸಿದರು. ಜನ ಮುತ್ತಿಕೊಂಡರು. ಡ್ರೈವರ್‌ಗೆ ಕೇಳಬೇಕೇ, ಗೋಡೆಯ ಮೇಲೆ ಅಕ್ಷರ, ಸುತ್ತ ಜನ. ಎಲ್ಲರನ್ನೂ ಸರಿಸಿಕೊಂಡು ಮುಂದೆ ನಿಂತು, ಹಿಂದಿನ ಸೀಟಿನವರಿಗೂ ಕೇಳುವ ದನಿಯಲ್ಲಿ ಶುರು ಮಾಡಿದ. ಮೊದಲ ಬಹುಮಾನ ಕೆಂಪು ಸೇನಾಪತಿಯೊಬ್ಬನಿಗೆ, ದಟ್ಟ ಹೆಣಿಗೆ, ಒಂದು ಗೆರೆಯೂ ಸೊಟ್ಟವಿಲ್ಲ. ಎರಡನೆಯದು ಬಿಲ್ಲುಗಾರನಿಗೆ. ಮೂರನೆಯದು ಇನ್ನೊಬ್ಬ ಸೇನಾಪತಿಗೆ. ಕಣ್ಣಮ್ಮನ ಹೆಸರು ಅಲ್ಲಿರಲಿಲ್ಲ. ಒಂದಿಬ್ಬರು ಅವಳ ಮುಖ ನೋಡಿ ಬೇರೆ ಕಡೆ ನೋಡಿದರು.

ಡ್ರೈವರ್ ನಿಲ್ಲಿಸಲಿಲ್ಲ. ಹಾಳೆ ಮುಗಿಯದೆ ನಿಲ್ಲಿಸುವ ಅಭ್ಯಾಸವೇ ಅವನಿಗಿಲ್ಲ. "'ತೀರ್ಪುಗಾರರು,'" ಎಂದು ಭೂತಗನ್ನಡಿಯ ನಿಜವಾದ ಹೆಸರನ್ನು ಓದಿದ. "'ಭಾಗವಹಿಸಿದ ಇತರ ಸ್ಪರ್ಧಿಗಳು,'" ಎಂದು ಕೆಳಗೆ ಇಳಿದ. ಒಂದು ಹೆಸರು, ಇನ್ನೊಂದು ಹೆಸರು, ಮತ್ತೊಂದು. ಪಟ್ಟಿಯ ಕೊನೆಯ ಸಾಲಿನಲ್ಲಿದ್ದ ಕಣ್ಣಮ್ಮನ ಹೆಸರಿಗೆ ಬಂದಾಗ ಮಾತ್ರ ಯಾಕೋ ಅವನ ದನಿ ಇಳಿಯಿತು. ಹೆಂಡತಿಗೆ ನೋವಾಗಬಾರದೆಂದು, ಜೀವಮಾನದಲ್ಲಿ ಮೊದಲ ಸಲ ಮನಸ್ಸಿನಲ್ಲೇ ಓದಿಕೊಳ್ಳಲು ಹೊರಟಿದ್ದ.

"ರೀ," ಎಂದು ಹಿಂದಿನಿಂದ ಕಣ್ಣಮ್ಮ ಕೂಗಿದಳು. ಅವಳ ಎರಡೂ ಕೈಯಲ್ಲಿ ಅವಳ ಸೈನಿಕನಿದ್ದ, ಕೈಯ ಜೊತೆಗೆ ಅವನೂ ಅಲ್ಲಾಡುತ್ತಿದ್ದ. "ಜೋರಾಗಿ ಓದಿ!"